ಮುಚ್ಚಿದ ಕಣ್ಣು

ಹೈದರಾಬಾದಿನಲ್ಲಿ ನಾವು ಗಂಡಹೆಂಡಿರಿಬ್ಬರದೂ ಸರ್ಕ್ಯೂಟ್ ಬೋರ್ಡುಗಳ ಕೆಲಸವೇ. 2016ರಲ್ಲಿ ಕೂಡಿ ರೂಪಿಸಿದ ಬೋರ್ಡಿನಲ್ಲಿ ಸೆಕೆಂಡಿಗೆ 800 ಕೋಟಿ ಬಿಟ್‌ಗಳು ಓಡಬೇಕಿತ್ತು. ಒಂದೊಂದಕ್ಕೆ ಸಿಗುವ ಕಾಲ 125 ಪಿಕೋಸೆಕೆಂಡು. ಕಂಪ್ಯೂಟರಿನ ಲೆಕ್ಕದಲ್ಲಿ ಸಂಕೇತದ ‘ಕಣ್ಣು’, ಎಂದರೆ ಬಿಟ್‌ಗಳ ಗೆರೆಗಳನ್ನು ಒಂದರ ಮೇಲೊಂದು ಎಳೆದಾಗ ನಡುವೆ ಉಳಿಯುವ ಬಯಲು, ಚೆನ್ನಾಗಿ ತೆರೆದಿತ್ತು. ಬೋರ್ಡು ಬಂದಾಗ ನೋಡಿದರೆ ಮುಚ್ಚಿತ್ತು!

ತಾಮ್ರದ ಹಾದಿಯನ್ನು ಕೂದಲೆಳೆಯಷ್ಟೂ ಬಿಡದೆ ಅಳೆದ ನಾವು, ಟ್ರಾನ್ಸ್‌ಮಿಟರನ್ನು ಮಾತ್ರ ದೋಷವಿಲ್ಲದ್ದೆಂದು ನಂಬಿಬಿಟ್ಟಿದ್ದೆವು. ಅದಕ್ಕೂ ಒಳಗಿನ ಕೆಪ್ಯಾಸಿಟೆನ್ಸಿನ ಭಾರವುಂಟು, ಏರಿಳಿತ ನಿಧಾನ. ಚಿಪ್ ತಯಾರಕರ ಐಬಿಸ್-ಎಎಂಐ ಮಾದರಿ ಹಾಕಿದೊಡನೆ ತೆರೆಯ ಮೇಲೂ ಅದೇ ಮುಚ್ಚಿದ ಕಣ್ಣು. ಟ್ರಾನ್ಸ್‌ಮಿಟರ್ ಯಾರ ಪಾಲಿನ ಕೆಲಸವಾಗಿತ್ತೆಂದು ಮನೆಯಲ್ಲಿ ಒಂದು ವಾರ ಮಾತಿಲ್ಲ.

ಕಿವಿ ಮಂದವಾದ ಅಜ್ಜನಿಗೆ ಮೊದಲಕ್ಷರ ಒತ್ತಿ ಹೇಳುತ್ತೇವಲ್ಲ, ಹಾಗೆ ಬಿಟ್ ಬದಲಾದಾಗ ಮಾತ್ರ ಜೋರಾಗಿ ನುಡಿಯುವಂತೆ ಟ್ರಾನ್ಸ್‌ಮಿಟರನ್ನು ಹೊಂದಿಸಿದೆವು. ಕಣ್ಣು ತೆರೆಯಿತು. ಅಂದು ರಾತ್ರಿ ಊಟಕ್ಕೆ ಒಟ್ಟಿಗೇ ಕೂತೆವು.