ಹೊನ್ನಿನ ಪುಡಿಯೂ ಅವರಕ್ತ ಕಿರಣವೂ

ಚಿನ್ನವೆಂದರೆ ಗಾಳಿಗೆ ಮಾಸದ, ನೀರಿಗೆ ತುಕ್ಕು ಹಿಡಿಯದ, ಯಾರ ಹಂಗಿಗೂ ಒಳಗಾಗದೆ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಜಡಲೋಹವೆಂದು ರಸಾಯನಶಾಸ್ತ್ರಜ್ಞರೂ ಬಹುಕಾಲ ನಂಬಿದ್ದರು. 1987ರಲ್ಲಿ ಜಪಾನಿನ ಒಸಾಕದ ಮಸಾತಕೆ ಹರುತ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ, ಲೋಹದ ಆಕ್ಸೈಡುಗಳ ಮೇಲೆ ಅತಿಸೂಕ್ಷ್ಮ ಕಣಗಳಾಗಿ ಚದರಿಸಿದ ಚಿನ್ನವು ಶೂನ್ಯಕ್ಕಿಂತ 70 ಡಿಗ್ರಿ ಕೆಳಗಿನ ಶೀತದಲ್ಲಿಯೂ ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲವನ್ನು ಆಮ್ಲಜನಕದೊಡನೆ ಕೂಡಿಸಿ ಕಾರ್ಬನ್ ಡೈಆಕ್ಸೈಡಾಗಿ ಮಾರ್ಪಡಿಸುವುದೆಂದು ಪ್ರಕಟಿಸಿದಂದಿನಿಂದ ಆ ಜಡತ್ವದ ಕೀರ್ತಿ ಅಳಿಯಿತು. ಆದರೆ ಆ ಕಾರ್ಯ ನಡೆಯುವ ಬಗೆಯನ್ನು ಅವರಕ್ತ ಕಿರಣದ ನೆರವಿನಿಂದ ಕುಳಿತು ನೋಡುವ ಸುಖ, ನನ್ನ ಮಟ್ಟಿಗೆ, ಶೋಧದ ಸುದ್ದಿಗಿಂತಲೂ ಮಿಗಿಲಾದುದು.

ಟೈಟಾನಿಯಂ ಡೈಆಕ್ಸೈಡಿನ ಮೇಲೆ ಕುಳಿತ ಈ ಚಿನ್ನದಲ್ಲಿ ಹಳದಿಯ ಸುಳಿವೇ ಇರದು. ಪುಡಿಯೆಲ್ಲ ಮಾಸಲು ನೇರಳೆ. ಅದನ್ನು ಚಿಟಿಕೆಯಷ್ಟು ತೆಗೆದು ಪುಟ್ಟ ಬಟ್ಟಲಿಗೆ ತುಂಬಿ, ಅಲಗಿನ ಅಂಚಿನಿಂದ ಮೇಲ್ಮೈಯನ್ನು ಒತ್ತದಂತೆ ಸಮಮಾಡಿ, ಮುಚ್ಚಳ ಬಿಗಿದು, ರೋಹಿತಯಂತ್ರದ ಶೋಧಕದ ಕೊರಳಿಗೆ ದ್ರವಸಾರಜನಕವನ್ನು ಎರೆಯುತ್ತ, ಉಕ್ಕುವ ಬಿಳಿಯ ಹಬೆ ಮೇಜಿನಿಂದ ನೆಲಕ್ಕಿಳಿಯುವುದನ್ನು ನೋಡುವುದರಲ್ಲಿಯೇ ಒಂದು ನೆಮ್ಮದಿಯುಂಟು. ಅವಸರದವರಿಗೆ ಈ ವಿದ್ಯೆ ಒಲಿಯದು. ಯಂತ್ರವನ್ನು ತೆರೆದು ಕುತೂಹಲದಿಂದ ಬಗ್ಗಿದವನ ಉಸಿರೇ 2349ರ ತರಂಗಸಂಖ್ಯೆಯ ಬಳಿ, ಅಂದರೆ ನಾವು ಕಾದಿರುವ ಕಾರ್ಬನ್ ಡೈಆಕ್ಸೈಡಿನ ಸ್ಥಾನದಲ್ಲಿಯೇ, ರೋಹಿತದೊಳಗೆ ಬಂದು ಕುಳಿತುಬಿಡುತ್ತದೆ!

ಅನಿಲವನ್ನು ಹರಿಯಬಿಟ್ಟೊಡನೆ, 2143ರ ಇಕ್ಕೆಲದಲ್ಲಿ ಬಿಡಿಯಾಗಿ ಅಲೆಯುವ ಕಾರ್ಬನ್ ಮಾನಾಕ್ಸೈಡಿನ ಎರಡು ದಿಬ್ಬಗಳೇಳುತ್ತವೆ. ಅವುಗಳ ಕೆಳಮಗ್ಗುಲಿನಲ್ಲಿ, 2110ರ ಸುಮಾರಿಗೆ, ಚಿನ್ನವನ್ನು ಹಿಡಿದುಕೊಂಡ ಅಣುಗಳ ಗೆರೆ ಸಂಕೋಚದಿಂದೆಂಬಂತೆ ತಲೆಯೆತ್ತುತ್ತದೆ. ಆ ಗೆರೆಗಾಗಿಯೇ ಇಷ್ಟೆಲ್ಲ ಪ್ರಯಾಸ. ಗೆರೆಗಳ ನೆಲೆ ಹುಡುಕುವ ಈ ಚಟವನ್ನು ನನಗೆ ಹತ್ತಿಸಿದ್ದು, ಬೆಂಗಳೂರಿನಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು 1963ರಲ್ಲಿ ಪ್ರಕಟಿಸಿದ ಅವರಕ್ತ ರೋಹಿತದ ಗ್ರಂಥ.

ಇತ್ತ 1300ರಿಂದ 1700ರ ನಡುವೆ ಕಾರ್ಬೊನೇಟುಗಳು ಬೆಟ್ಟದಂತೆ ಬೆಳೆಯತೊಡಗುತ್ತವೆ. ಮದುವೆಯ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದು ಕುಳಿತವರನ್ನು ಕಂಡು ಇವರೇ ಅಡುಗೆ ಮಾಡಿದವರೆಂದು ಯಾರೂ ಭಾವಿಸಲಾರರು. ರೋಹಿತದಲ್ಲಿಯಾದರೋ ವಿದ್ವಾಂಸರೂ ಹಾಗೆ ಭಾವಿಸಿ ಮೋಸಹೋಗುವುದುಂಟು. 2110ರ ಗೆರೆ ಅಳಿಯಿತೆಂದ ಮಾತ್ರಕ್ಕೆ ಆ ಅಣುಗಳು ಉತ್ಕರ್ಷಣಗೊಂಡುವೆನ್ನುವಂತೆಯೂ ಇಲ್ಲ. ಚಿನ್ನದ ಮೇಲೆ ಅವುಗಳ ಹಿಡಿತ ಸಡಿಲವಾದುದರಿಂದ ಬರಿಯ ಆರ್ಗಾನನ್ನು ಹರಿಸಿದರೂ ಅಣುಗಳು ಜಾರಿಹೋಗುತ್ತವೆ. ಆದುದರಿಂದ ಕ್ರಿಯೆಯನ್ನು ನಿಲ್ಲಿಸದೆಯೇ, ಅನಿಲದ ಕಾರ್ಬನ್ನನ್ನು ಅದರ ಭಾರವಾದ ಸಮಸ್ಥಾನಿ, ಕಾರ್ಬನ್-13ಕ್ಕೆ ಬದಲಿಸಬೇಕು: ಚಿನ್ನದ ಮೇಲಣ ಗೆರೆ ಒಡನೆಯೇ 2060ರತ್ತ ಸರಿಯುತ್ತದೆ, ಕಾರ್ಬೊನೇಟಿನ ಬಹುಭಾಗ ಕದಲುವುದೇ ಇಲ್ಲ. ಕೆಲಸಗಾರ ಚಿನ್ನದ ಮೇಲಿದ್ದಾನೋ, ಚಿನ್ನವೂ ಆಕ್ಸೈಡೂ ಸಂಧಿಸುವ ಅಂಚಿನಲ್ಲಿದ್ದಾನೋ ಎಂಬ ಚರ್ಚೆಯಲ್ಲಿ ನಾನು ಅಂಚಿನ ಪಕ್ಷದವನು. ಅನಿಲವನ್ನು ನಿಲ್ಲಿಸಿದ ಮೇಲೆ ತೆಗೆದ ರೋಹಿತವೊಂದನ್ನೇ ಆಧಾರವಾಗಿಟ್ಟುಕೊಂಡು ಕ್ರಿಯಾಮಾರ್ಗವನ್ನು ಸಾಧಿಸಹೊರಟ ಲೇಖನ, ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ, ನನಗೆ ಒಪ್ಪಿಗೆಯಲ್ಲ.