ದಿನಕ್ಕೆ ಎರಡಾಟ

ಲಂಡನ್ನಿಗೆ ಮಗಳ ಮನೆಗೆ ಹೋದಾಗಲೆಲ್ಲ ಹ್ಯಾಕ್ನಿ ಎಂಪೈರ್ ರಂಗಮಂದಿರದಲ್ಲಿ ಒಂದು ಆಟ ನೋಡದೆ ನಾನು ಬರುವುದಿಲ್ಲ. ಅದೂ ಮೇಲಿನ ಗ್ಯಾಲರಿಯಲ್ಲೇ. ಮಂಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತೇನೆ. 1901ರಲ್ಲಿ ಇದನ್ನು ಕಟ್ಟಿದ ಫ್ರಾಂಕ್ ಮ್ಯಾಚಮ್ ಬಾಲ್ಕನಿಗಳಿಗೆ ಕಂಬ ಕೊಡಲಿಲ್ಲ, ಉಕ್ಕಿನ ತೊಲೆಗಳ ಮೇಲೆ ಹಾಗೇ ಮುಂದಕ್ಕೆ ಚಾಚಿ ನಿಲ್ಲಿಸಿದ. ಕಾಸಿನ ಟಿಕೆಟಿನವನ ಕಣ್ಣಿಗೂ ಏನೂ ಅಡ್ಡ ಬರಬಾರದು! ಆ ಒಂದು ಮರ್ಯಾದೆಗೇ ಅವನ ಮೇಲೆ ನನಗೆ ಅಕ್ಕರೆ.

1912ರ ಡಿಸೆಂಬರಿನಲ್ಲಿ ಲಂಡನ್ ಹಿಪ್ಪೊಡ್ರೋಮಿನಲ್ಲಿ ‘ಹಲೋ, ರ‍್ಯಾಗ್‌ಟೈಮ್!’ ಎಂಬ ರೆವ್ಯೂ ಗೆದ್ದಮೇಲೆ ಆ ಬಗೆಯ ಆಟಗಳ ಹುಚ್ಚು ಹ್ಯಾಕ್ನಿಯಂಥ ಹೊರಬಡಾವಣೆಗಳಿಗೂ ಹಬ್ಬಿತು. ವೆರೈಟಿಯಲ್ಲಿ ಒಬ್ಬೊಬ್ಬರು ಬಂದು ತಮ್ಮ ಹಾಡು, ಕಸರತ್ತು ಮುಗಿಸಿ ಹೊರಡುವುದು ರೂಢಿ. ರೆವ್ಯೂನಲ್ಲಿ ಹಾಗಲ್ಲ, ಒಂದೇ ತಂಡ ವೇಷ ಬದಲಿಸುತ್ತ ಸಂಜೆಯನ್ನೆಲ್ಲ ಹೊರಬೇಕು. ಅದೂ ದಿನಕ್ಕೆ ಎರಡಾಟ. ಭಾನುವಾರ ಬಂತೆಂದರೆ ಪರದೆ, ಪೆಟ್ಟಿಗೆ ಸಮೇತ ರೈಲು ಹತ್ತಿ ಮುಂದಿನ ಊರಿಗೆ. ಕ್ರೂ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ತಂಡಕ್ಕೆ ತಂಡ ಎದುರಾಗುತ್ತಿತ್ತು.

ಈ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೀದಿಯ ಚಿತ್ರ ಬರೆದ ಮುಂದಿನ ಪರದೆ. ಅದು ಇಳಿದರೆ ಹಾಸ್ಯಗಾರನಿಗೆ ದಕ್ಕುವುದು ನಾಲ್ಕಾರು ಅಡಿ ಜಾಗ. ಅವನು ಹಾಡಿ ನಗಿಸುವಷ್ಟರಲ್ಲಿ ಹಿಂದೆ ಅರಮನೆ ಕಳಚಿ ಕಡಲದಂಡೆ ಎದ್ದಿರಬೇಕು. ಸುತ್ತಿಗೆ ಸದ್ದು ಕೇಳಿಸಿತೋ, ಅವನ ದನಿ ಏರಬೇಕು. ನಮ್ಮ ಕಂಪನಿ ನಾಟಕಗಳ ಹಾಸ್ಯದ ಸೀನೂ ಇದೇ ಕೆಲಸಕ್ಕೆ ಒದಗುತ್ತಿತ್ತು. ಚಿಕ್ಕಂದಿನಲ್ಲಿ ಜಾತ್ರೆಯ ಟೆಂಟಿನಲ್ಲಿ ಯಾರದೋ ಮೊಣಕೈ ತಗುಲಿ ಪರದೆಯ ಮೇಲಿನ ಮನೆಗಳು ಒಮ್ಮೆ ಅಲುಗಿದರೆ ಸಾಕು, ಮುಂದೇನು ಬರುತ್ತದೋ ಎಂದು ಮೈ ಜುಮ್ಮೆನ್ನುತ್ತಿತ್ತು. ಮೊನ್ನೆ ಎಂಪೈರ್‌ನ ಕ್ರಿಸ್‌ಮಸ್ ಪ್ಯಾಂಟೊಮೈಮಿನಲ್ಲಿ ಪರದೆ ಅಲುಗಿದಾಗಲೂ ಅದೇ ಜುಮ್ಮು.

ಪರದೆಯ ಆಚೆಯವರ ದುಡಿಮೆಯನ್ನು ನೆನೆದರೆ ಮಾತ್ರ ಮನಸ್ಸು ಭಾರವಾಗುತ್ತದೆ. ಎರಡಾಟ ಸಾಲದೆಂದು ಮಾಲೀಕರು ಕೂಲಿ ಹೆಚ್ಚಿಸದೆ ಮಧ್ಯಾಹ್ನದ ಆಟಗಳನ್ನೂ ಹೇರಿದಾಗ, 1907ರಲ್ಲಿ, ರೆವ್ಯೂ ಹುಚ್ಚಿಗೂ ಮೊದಲಿನ ವೆರೈಟಿ ಕಾಲದಲ್ಲೇ, ಕಲಾವಿದರು ಮುಷ್ಕರ ಹೂಡಿದರು. ಕೇಳಿದಷ್ಟು ಸಂಬಳ ಸಿಗುತ್ತಿದ್ದ ಹಾಡುಗಾರ್ತಿ ಮೇರಿ ಲಾಯ್ಡ್ ತಾನಾಗಿ ಬೀದಿಗಿಳಿದಳು, ಸಣ್ಣ ಕೂಲಿಯವರ ಪರವಾಗಿ. ಹ್ಯಾಕ್ನಿಗೆ ಹತ್ತಿರದ ಹಾಕ್ಸ್‌ಟನ್ನಿನಲ್ಲಿ ಹುಟ್ಟಿದವಳು. ಎಂಪೈರ್‌ನಲ್ಲಿಯೂ ಹಾಡಿದವಳು.

1922ರ ಅಕ್ಟೋಬರಿನಲ್ಲಿ ಎಡ್ಮಂಟನ್ ಎಂಪೈರ್‌ನಲ್ಲಿ, ಮೈಯಲ್ಲಿ ತ್ರಾಣವಿಲ್ಲದಿದ್ದರೂ, ಆಕೆ ರಂಗಕ್ಕೆ ಬಂದಳು. ಕುಡಿದು ತೂರಾಡುವ ಹೆಂಗಸಿನ ಹಾಡು. ಹೆಜ್ಜೆ ನಿಲ್ಲಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಕೆಲವೇ ದಿನಗಳಲ್ಲಿ ತೀರಿಕೊಂಡಳು, ಐವತ್ತೆರಡು ವರ್ಷಕ್ಕೆ. ಆ ನಕ್ಕವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆ ಕುಡುಕಿಯನ್ನು ಆಕೆ ಅಷ್ಟು ಚೆನ್ನಾಗಿ ಆಡುತ್ತಿದ್ದಳು.