ದೊಡ್ಡಿಗೆ ಬಿಡುವ ಮುನ್ನ

ಹನೂರು ತಾಲ್ಲೂಕು, ಮಲೆ ಮಹದೇಶ್ವರ ಬೆಟ್ಟದ ತಪ್ಪಲು. ಹಾಲು ಬತ್ತಿದ ಎರಡು ನಾಟಿ ಹಸುಗಳನ್ನು ಹೊಡೆದುಕೊಂಡು ಬಂದು, ಊರವರ ದನ ಮೇಯಿಸಿಕೊಡುವ ದೊಡ್ಡಿಯ ಮುಂದೆ ನಿಂತಿದ್ದೀರಿ. ಗೋಡೆಯಿಲ್ಲ, ಮಾಡಿಲ್ಲ, ಎದೆಮಟ್ಟ ಒಟ್ಟಿದ ಮುಳ್ಳುಕೊಂಬೆಗಳ ಸುತ್ತು, ಅಷ್ಟೆ. ಸೀಮೆಹಸುವಿಗೆ ಈ ಬಾಳು ಒಗ್ಗದು. ಗಡಿಯಾಚೆ ಈರೋಡು ಜಿಲ್ಲೆಯ ಬರಗೂರು ಬೆಟ್ಟದ ಕಂದುಮೈ, ಬಿಳಿಮಚ್ಚೆಯ ತಳಿಗೆ ಮಳೆ, ಚಳಿ ಎರಡೂ ಹಳೇ ಪರಿಚಯ.

ದೊಡ್ಡಿಯವ ಕೊಂಬೆ ಸರಿಸುತ್ತಾನೆ. ದನಗಳು ಒಂದೊಂದಾಗಿ ಹೊರಬರುವಾಗ ಬೇಲಿ ಬಿಟ್ಟು ಅವುಗಳನ್ನೇ ನೋಡಿ. ಪಕ್ಕೆಲುಬು ಎಣಿಸುವಂತಿವೆಯೇ? ಯಾವುದಾದರೂ ಕುಂಟುತ್ತಿದೆಯೇ? ಒಂದರ ಕಿವಿ ಮಗುಚುತ್ತೀರಿ: ಒಳಗೆ ಎರಡೇ ಉಣ್ಣೆ, ಪಕ್ಕದಲ್ಲಿ ಕಿತ್ತ ಗುರುತುಗಳು. ಯಾರೋ ದಿನಾ ಕೈಯಾಡಿಸುತ್ತಿದ್ದಾರೆ. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸಿದ್ದು ಯಾವಾಗ ಎಂದರೆ ತಡವರಿಸದೆ ತಿಂಗಳು ಹೇಳುತ್ತಾನೆ.

ಕೆರೆಯವರೆಗೆ ಜೊತೆಗೇ ನಡೆಯಿರಿ. ಬೇಸಿಗೆಯಲ್ಲಿ ಇದು ಬತ್ತಿದರೆ ಮುಂದಿನ ನೀರು ಎಷ್ಟು ದೂರ? ದಾರಿಯ ಎರಡೂ ಬದಿ ಲಂಟಾನ ಹಬ್ಬಿದೆ. ದೂರದಿಂದ ಹಸಿರು, ಹತ್ತಿರ ಹೋದರೆ ಬುಡದಲ್ಲಿ ಹುಲ್ಲೇ ಇಲ್ಲ.

ಕೂಲಿಯ ಮಾತು ಬರುತ್ತದೆ. "ಗೊಬ್ರ ನಮ್ದು, ಕರು ನಿಮ್ದು," ಎನ್ನುತ್ತಾನೆ. ಆ ಗೊಬ್ಬರದ ಮಾತು ಸಣ್ಣದಲ್ಲ. ಗುಂಡ್ಲುಪೇಟೆ ಕಡೆ ಬಂಡೀಪುರದ ಅಂಚಿನ ಸಗಣಿ ಕಾಫಿ ತೋಟಗಳಿಗೆ ಹೋಗುತ್ತಿತ್ತು. ಕಾಫಿ ಬೆಲೆಗೂ ಕಾಡಿಗೆ ನುಗ್ಗುವ ದನಗಳಿಗೂ ಇರುವ ನಂಟನ್ನು ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲೇ ಬರೆದರು. ಗೊಬ್ಬರಕ್ಕೆ ಬೆಲೆಯಿದ್ದರೆ ದೊಡ್ಡಿಯಲ್ಲಿ ತಲೆಗಳು ಹೆಚ್ಚುತ್ತವೆ, ನಿಮ್ಮ ಹಸುವಿನ ಪಾಲಿನ ಹುಲ್ಲು ತಗ್ಗುತ್ತದೆ.

ಮಹದೇಶ್ವರ ಬೆಟ್ಟವೂ 2013ರಿಂದ ವನ್ಯಧಾಮ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ಒಂದು ತಾಯಿಹುಲಿ, ನಾಲ್ಕು ಮರಿ ಸತ್ತವು. ಮರುತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ಸೂಚಿಸಿದರು. ಹಾಗಾಗಿ ಕೇಳಲೇಬೇಕಾದ ಪ್ರಶ್ನೆ: "ಹುಲಿ ಹಿಡಿದ್ರೆ ಏನ್ ಮಾಡ್ತೀಯಪ್ಪ?"

"ಹೆಣ ಮುಟ್ಟಾಕಿಲ್ಲ. ಫಾರೆಸ್ಟ್‌ನೋರ್ಗೆ ಹೇಳ್ತೀನಿ. ಈಗ ಒಳಿಕೆ ಹೊಡಿಯೋದೂ ಬುಟ್ಟಿವ್ನಿ, ನಮ್ ಹೊಲ, ಬದುವ್ನಾಗೇ ಮೇಯ್ಸೋದು." ನಿಮ್ಮ ಹಸುಗಳತ್ತ ನೋಡಿ ಸ್ವಲ್ಪ ಲೆಕ್ಕ ಹಾಕುತ್ತಾನೆ. "ಒಂದ್ ಬುಡಿ ಸೋಮಿ. ಎರಡ್ಕೆ ಹುಲ್ಲಿಲ್ಲ."

ಬಂದ ಗಿರಾಕಿಗೆ ಅರ್ಧ ಇಲ್ಲವೆನ್ನುವವನೇ ನಿಮಗೆ ಬೇಕಾದವನು. ಒಂದನ್ನು ಅವನ ಕೈಗೆ ಒಪ್ಪಿಸಿ, ಇನ್ನೊಂದರ ಹಗ್ಗ ಹಿಡಿದು ಊರ ದಾರಿ ಹಿಡಿಯಿರಿ.